ನಳಿಗೆಯ ತುದಿಯ ತಿರುಪು

ಕೋವಿಯನ್ನು ಭುಜಕ್ಕೆ ಒತ್ತಿ ನಿಂತ ಗುರಿಗಾರನು ಕೂಗು ಕೊಟ್ಟೊಡನೆ ನೆಲದ ಮರೆಯಿಂದ ಬಿಲ್ಲೆಯೊಂದು ಚಿಮ್ಮಿ ಹಾರುತ್ತದೆ. ಅದರ ಅಗಲ 11 ಸೆಂಟಿಮೀಟರು, ತೂಕ ಸುಮಾರು 105 ಗ್ರಾಂ, ಹೊರಡುವಾಗಿನ ವೇಗ ಗಂಟೆಗೆ 100 ಕಿಲೋಮೀಟರಿನ ಆಸುಪಾಸು. ಅದು ಎಡಕ್ಕೋ ಬಲಕ್ಕೋ ಎಂಬುದು ಗುರಿಗಾರನಿಗೆ ಮೊದಲೇ ತಿಳಿದಿರುವುದಿಲ್ಲ. ಕಾಣುವುದು, ಬೆನ್ನಟ್ಟುವುದು, ಟ್ರಿಗರ್ ಎಳೆಯುವುದು, ಇಷ್ಟೂ ಕೆಲಸ ಒಂದು ಸೆಕೆಂಡಿನ ಒಳಗೆ ಮುಗಿಯತಕ್ಕದ್ದು. ಬಿಲ್ಲೆ ಪುಡಿಯಾದರೆ ಒಂದು ಅಂಕ. ಇಡಿಯಾಗಿ ಹಾರಿಹೋದರೆ ಸೊನ್ನೆ. ನಡುವಣ ದಾರಿ ಈ ಆಟದಲ್ಲಿಲ್ಲ.

ಒಂದು ಬಿಲ್ಲೆಯ ಬೆಲೆ ಎಷ್ಟೆಂಬುದನ್ನು ಭಾರತೀಯರು ಇತ್ತೀಚೆಗೆ ಕಣ್ಣಾರೆ ಕಂಡಿದ್ದಾರೆ. 2024ರ ಪ್ಯಾರಿಸ್ ಒಲಿಂಪಿಕ್ ಕ್ರೀಡೆಗಳಲ್ಲಿ ಸ್ಕೀಟ್ ಮಿಶ್ರ ತಂಡದ ಕಂಚಿನ ಪದಕಕ್ಕಾಗಿ ನಡೆದ ಸೆಣಸಿನಲ್ಲಿ ಮಹೇಶ್ವರಿ ಚೌಹಾಣ್ ಮತ್ತು ಅನಂತಜೀತ್ ಸಿಂಗ್ ನರೂಕಾ ಅವರ ಜೋಡಿ ಚೀನದ ಜೋಡಿಗೆ 43–44ರಿಂದ ಸೋತಿತು. ಅಲ್ಲಿ ಕೋವಿಯ ಲೋಪದ ಮಾತೇನೂ ಇರಲಿಲ್ಲ. ಪದಕಕ್ಕೂ ಬರಿಗೈಗೂ ನಡುವೆ ಇರುವ ಅಂತರ ಅಂಗೈಯಗಲದ ಒಂದು ಬಿಲ್ಲೆ ಮಾತ್ರ ಎಂಬುದಕ್ಕೆ ಅದು ನಿದರ್ಶನ. ಇಂತಹ ಆಟದಲ್ಲಿ ಕಣ್ಣೂ ಕೈಯೂ ಸರಿಯಾಗಿದ್ದು, ಕೋವಿಯ ತುದಿಯಲ್ಲಿರುವ ಬೆರಳುದ್ದದ ಉಕ್ಕಿನ ಕೊಳವೆಯೊಂದು ಸಡಿಲಗೊಂಡ ಕಾರಣದಿಂದ ಬಿಲ್ಲೆ ಉಳಿದುಹೋದರೆ ಗುರಿಗಾರನ ಅಳಲು ಎಷ್ಟಿರಬೇಡ! ಅದಕ್ಕಿಂತ ಕೆಟ್ಟ ಸಂಗತಿಯೆಂದರೆ, ದೋಷವು ಕೊಳವೆಯಲ್ಲಿದೆಯೆಂದು ಅರಿಯದೆ ಆತನು ತನ್ನ ಕಣ್ಣನ್ನೂ ಕೈಯನ್ನೂ ಶಂಕಿಸತೊಡಗುತ್ತಾನೆ. ಒಮ್ಮೆ ಶಂಕೆ ಹೊಕ್ಕಿತೆಂದರೆ ಮುಂದಿನ ಹತ್ತು ಬಿಲ್ಲೆಗಳಿಗೂ ಅದರ ನೆರಳು ಬೀಳುತ್ತದೆ.

ಈ ಕೊಳವೆಗೆ ಚೋಕ್ ಎಂದು ಹೆಸರು. ಅದು ಏನು, ಏಕೆ ಸಡಿಲಗೊಳ್ಳುತ್ತದೆ, ಸಡಿಲಗೊಳ್ಳದಂತೆ ಮಾಡುವ ಬಗೆ ಯಾವುದು ಎಂಬ ವಿಚಾರವು ಕೋವಿಯನ್ನು ಮುಟ್ಟದವರಿಗೂ ಸ್ವಾರಸ್ಯವಾದದ್ದೇ. ಏಕೆಂದರೆ ಅಡುಗೆಮನೆಯ ಕುಕ್ಕರಿನ ಹಿಡಿಯನ್ನು ಅಲುಗಾಡಿಸುವ ಮತ್ತು ಅಜ್ಜನ ಕನ್ನಡಕದ ಕಡ್ಡಿಯನ್ನು ಕಳಚುವ ಶಕ್ತಿಯೇ ಇಲ್ಲಿಯೂ ಕೆಲಸ ಮಾಡುತ್ತದೆ.

ಮಲೆನಾಡು, ಕೊಡಗುಗಳ ಮನೆಗಳಲ್ಲಿ ಬೆಳೆದವರಿಗೆ ಚರೆಯ ತೋಟಾ ಅಪರಿಚಿತವಲ್ಲ. ರೈಫಲ್ಲು ಒಂದೇ ಗುಂಡನ್ನು ಹಾರಿಸಿದರೆ, ಚರೆ ಕೋವಿಯು ನೂರಾರು ಸಣ್ಣ ಸೀಸದ ಕಾಳುಗಳನ್ನು ಒಮ್ಮೆಗೇ ಎರಚುತ್ತದೆ. ಅಂತರರಾಷ್ಟ್ರೀಯ ಸ್ಪರ್ಧೆಯ ತೋಟಾದಲ್ಲಿ ಇರುವ ಚರೆಯ ತೂಕ 24 ಗ್ರಾಂ. ಕಾಳೊಂದರ ವ್ಯಾಸ 2.4 ಮಿಲಿಮೀಟರ್ ಇದ್ದರೆ ತೋಟಾ ಒಂದರಲ್ಲಿ ಸುಮಾರು 300 ಕಾಳುಗಳಿರುತ್ತವೆ. ಇವು ನಳಿಗೆಯನ್ನು ಬಿಟ್ಟ ಮೇಲೆ ಹರಡುತ್ತ ಸಾಗುತ್ತವೆ. ಬೇಗ ಹರಡಿದರೆ ದೂರದ ಬಿಲ್ಲೆಯು ಕಾಳುಗಳ ನಡುವಣ ಸಂದಿಯಲ್ಲಿ ನುಸುಳಿಹೋಗುತ್ತದೆ. ಹರಡುವುದು ತಡವಾದರೆ ಹತ್ತಿರದ ಬಿಲ್ಲೆಗೆ ಗುರಿಯಿಡುವುದು ಕಷ್ಟವಾಗುತ್ತದೆ. ಆದುದರಿಂದ ಹರಡುವಿಕೆಯನ್ನು ಅಂಕೆಯಲ್ಲಿಡುವ ಉಪಾಯ ಬೇಕಾಯಿತು.

ತೋಟಕ್ಕೆ ನೀರು ಬಿಡುವವರು ರಬ್ಬರ್ ಕೊಳವೆಯ ಬಾಯನ್ನು ಹೆಬ್ಬೆರಳಿನಿಂದ ಒತ್ತಿ ಧಾರೆಯನ್ನು ದೂರ ಹಾರಿಸುವುದುಂಟು. ಚೋಕಿನ ಉಪಾಯವೂ ಹೆಚ್ಚುಕಡಿಮೆ ಅಂತಹುದೇ. 12 ಬೋರಿನ ನಳಿಗೆಯ ಒಳವ್ಯಾಸ ಸುಮಾರು 18.5 ಮಿಲಿಮೀಟರು. ಅದರ ತುದಿಯನ್ನು ಸುಮಾರು ಒಂದು ಮಿಲಿಮೀಟರಿನಷ್ಟು ಕಿರಿದು ಮಾಡಿದರೆ ಅದು ‘ಫುಲ್’ ಚೋಕ್. ಅರ್ಧ ಮಿಲಿಮೀಟರು ಕಿರಿದಾದರೆ ‘ಮಾಡಿಫೈಡ್’. ಕಾಲು ಮಿಲಿಮೀಟರಾದರೆ ‘ಇಂಪ್ರೂವ್ಡ್ ಸಿಲಿಂಡರ್’. ಇವುಗಳ ಗುಣವನ್ನು ಅಳೆಯಲು ಹಳೆಯ ಕ್ರಮವೊಂದಿದೆ. 40 ಗಜ ದೂರದಲ್ಲಿ ಕಾಗದದ ಹಾಳೆಯನ್ನು ನಿಲ್ಲಿಸಿ ಹೊಡೆದು, 30 ಇಂಚು ವ್ಯಾಸದ ವೃತ್ತದೊಳಗೆ ಬಿದ್ದ ಕಾಳುಗಳನ್ನು ಎಣಿಸಬೇಕು. ಕಿರಿದುಮಾಡದ ನಳಿಗೆಯಿಂದ ನೂರಕ್ಕೆ 40ರಷ್ಟು ಕಾಳುಗಳು ವೃತ್ತದೊಳಗೆ ಬಿದ್ದರೆ, ಫುಲ್ ಚೋಕಿನಿಂದ 70ರಷ್ಟು ಬೀಳುತ್ತವೆ. ಕೂದಲೆಳೆಯ ಲೆಕ್ಕದ ಕಿರಿತನದಿಂದ ಇಷ್ಟು ವ್ಯತ್ಯಾಸ!

ಚೋಕಿನ ಕಲ್ಪನೆಗೆ ಒಡೆತನ ಸಾಧಿಸಿದವರು ಹಲವರು. ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದ ಡಬ್ಲ್ಯು. ಆರ್. ಪೇಪ್ 1866ರ ತನ್ನ ಪೇಟೆಂಟಿನಲ್ಲಿ ಇದನ್ನು ಸೇರಿಸಿದ್ದನು. ಅಮೆರಿಕದ ಇಲಿನಾಯ್ ಪ್ರಾಂತದ ಬೇಟೆಗಾರ ಫ್ರೆಡ್ ಕಿಂಬಲ್ ಇದು ತನ್ನದೇ ಶೋಧನೆಯೆಂದು ಸಾರಿದನು. ಬರ್ಮಿಂಗ್‌ಹ್ಯಾಮಿನ ಕೋವಿ ತಯಾರಕ ಡಬ್ಲ್ಯು. ಡಬ್ಲ್ಯು. ಗ್ರೀನರ್ 1870ರ ದಶಕದಲ್ಲಿ ಇದನ್ನು ಪಳಗಿಸಿ ಲೋಕಪ್ರಿಯಗೊಳಿಸಿದನು. ಆದರೆ ಈ ಚೋಕುಗಳೆಲ್ಲ ನಳಿಗೆಯಲ್ಲಿಯೇ ಕೊರೆದವು, ಬದಲಿಸುವಂತಿರಲಿಲ್ಲ. ದೂರದ ಗುರಿಗೊಂದು, ಹತ್ತಿರದ ಗುರಿಗೊಂದು ಎಂದು ಎರಡು ಕೋವಿಗಳನ್ನು ಇಟ್ಟುಕೊಳ್ಳುವ ಭಾಗ್ಯ ಸಿರಿವಂತರಿಗೆ ಮಾತ್ರವಿತ್ತು.

ಚೋಕನ್ನು ಪ್ರತ್ಯೇಕ ತುಂಡಾಗಿ ಮಾಡಿ ತಿರುಪಿನಿಂದ ನಳಿಗೆಗೆ ಸೇರಿಸಬಹುದೆಂದು ತೋರಿಸಿದವರಲ್ಲಿ ಅಮೆರಿಕದ ಸಿಲ್ವೆಸ್ಟರ್ ರೋಪರ್ ಮೊದಲಿಗ. 1868ರಲ್ಲಿ ಆತನಿಗೆ ಇದರ ಪೇಟೆಂಟು ದೊರೆಯಿತು. ಈ ರೋಪರ್ ವಿಚಿತ್ರ ಪ್ರತಿಭೆಯ ಮನುಷ್ಯ. ಆವಿಯಿಂದ ಓಡುವ ಎರಡು ಗಾಲಿಯ ಬಂಡಿಯನ್ನು ನಿರ್ಮಿಸಿ, 1896ರಲ್ಲಿ ಬಾಸ್ಟನ್ನಿನ ಬಳಿಯ ಪಥವೊಂದರಲ್ಲಿ ಅದನ್ನು ಓಡಿಸುತ್ತಿದ್ದಾಗಲೇ ತೀರಿಕೊಂಡನು. ಆತನ ತಿರುಪಿನ ಚೋಕು ಮನೆಮಾತಾಗಲು ಇನ್ನೂ ಬಹುಕಾಲ ಹಿಡಿಯಿತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದೊಡ್ಡ ಕೋವಿ ಕಾರ್ಖಾನೆಗಳು ನಳಿಗೆಯ ಬಾಯಿಯ ಒಳಗೋಡೆಯಲ್ಲಿ ತಿರುಪಿನ ಸುತ್ತುಗಳನ್ನು ಕೊರೆದು, ಅದರೊಳಗೆ ಅಡಗಿ ಕೂಡುವ ಕೊಳವೆಗಳನ್ನು ಮಾಡತೊಡಗಿದವು. ಒಂದೇ ಕೋವಿಗೆ ನಾಲ್ಕೈದು ಕೊಳವೆಗಳು. ಗುರಿಯ ದೂರ ನೋಡಿ ಬೇಕಾದದ್ದನ್ನು ಹಾಕಿಕೊಳ್ಳಬಹುದು.

ಅನುಕೂಲದ ಜೊತೆಗೇ ಒಂದು ಕಾಟವೂ ಬಂದಿತು. ತಿರುಗಿಸಿ ಹಾಕಿದ್ದು ತಿರುಗಿ ಬಿಚ್ಚಿಕೊಳ್ಳಲೂಬಹುದಷ್ಟೆ!

ಈ ಕಾಟವು ಬೇಟೆಗಿಂತ ಸ್ಪರ್ಧೆಯಲ್ಲಿ ಹೆಚ್ಚು. ಬೇಟೆಗಾರನು ದಿನವಿಡೀ ಅಲೆದು ಐದಾರು ತೋಟಾ ಸುಟ್ಟರೆ ಹೆಚ್ಚು. ಸ್ಪರ್ಧಿಯ ಲೆಕ್ಕವೇ ಬೇರೆ. ಒಲಿಂಪಿಕ್ ಟ್ರ್ಯಾಪ್ ಪಂದ್ಯದ ಅರ್ಹತಾ ಸುತ್ತಿನಲ್ಲಿ 125 ಬಿಲ್ಲೆಗಳು. ಪ್ರತಿ ಬಿಲ್ಲೆಗೂ ಎರಡು ತೋಟಾ ಹಾರಿಸಲು ಅವಕಾಶ. ಅಮೆರಿಕದ ಟ್ರ್ಯಾಪ್ ಗುರಿಗಾರರ ಮಹಾಮೇಳವಾದ ‘ಗ್ರ್ಯಾಂಡ್ ಅಮೆರಿಕನ್’ 1924ರಿಂದ 2005ರವರೆಗೆ ಒಹಾಯೊ ಪ್ರಾಂತದ ವ್ಯಾಂಡೇಲಿಯಾದಲ್ಲಿ ನಡೆದು, 2006ರಿಂದ ಇಲಿನಾಯ್‌ನ ಸ್ಪಾರ್ಟಾದಲ್ಲಿ ನಡೆಯುತ್ತಿದೆ. ಅಲ್ಲಿ 120 ಮೈದಾನಗಳು ಒಂದರ ಪಕ್ಕದಲ್ಲೊಂದರಂತೆ ಸುಮಾರು ಮೂರೂವರೆ ಮೈಲಿ ಉದ್ದಕ್ಕೆ ಸಾಲಾಗಿವೆ. ದಿನಕ್ಕೆ ನೂರು, ಇನ್ನೂರು ತೋಟಾಗಳು ಒಂದೇ ನಳಿಗೆಯಿಂದ ಹೋಗುವುದು ಅಲ್ಲಿ ಸಾಮಾನ್ಯ. ಆಗಸ್ಟ್ ತಿಂಗಳ ಬಿಸಿಲು ಮೇಲಿನಿಂದ, ಸಿಡಿಮದ್ದಿನ ಶಾಖ ಒಳಗಿನಿಂದ. ನಳಿಗೆ ಕೈಗೆ ಸುಡುವಂತಾಗುತ್ತದೆ.

ಇಷ್ಟಕ್ಕೂ ಕೊಳವೆ ಬಿಚ್ಚಿಕೊಳ್ಳುವುದು ಏಕೆ? ರೈಫಲ್ಲಿನ ನಳಿಗೆಯೊಳಗೆ ಸುರುಳಿ ಗೀರುಗಳಿದ್ದು ಗುಂಡು ತಿರುಗುತ್ತ ಹೋಗುತ್ತದೆ. ಚರೆ ಕೋವಿಯ ನಳಿಗೆ ನುಣುಪಾದದ್ದು. ಚರೆಯು ತಿರುಗುವುದಿಲ್ಲ, ಕೊಳವೆಯನ್ನು ತಿರುಗಿಸುವುದೂ ಇಲ್ಲ. ಆದುದರಿಂದ ತಿರುಪನ್ನು ಎಡಮುಖವಾಗಿ ಕೊರೆದರೆ ತಾನಾಗಿ ಬಿಗಿಯಾದೀತೆಂಬ ಎಣಿಕೆ ಇಲ್ಲಿ ಫಲಿಸದು. ಸೈಕಲ್ಲಿನ ಎಡ ಪೆಡಲಿಗೆ ಎಡಮುಖದ ತಿರುಪು ಇರುವುದು ನಿಜ. ಅಲ್ಲಿ ತುಳಿಯುವ ಕಾಲು ಒಂದೇ ದಿಕ್ಕಿಗೆ ಸುತ್ತುತ್ತಿರುತ್ತದೆ. ಕೋವಿಯಲ್ಲಿ ಸುತ್ತುವ ಬಲವಿಲ್ಲ, ಎಳೆಯುವ ಬಲವಿದೆ.

ಅದು ಹೀಗೆ. ಕೊಳವೆಯನ್ನು ತಿರುಗಿಸುತ್ತ ಹೋದಂತೆ ಅದರ ಒಳತುದಿಯು ನಳಿಗೆಯೊಳಗಿನ ಒಂದು ಮೆಟ್ಟಿಲಿಗೆ ತಾಗಿ ನಿಲ್ಲುತ್ತದೆ. ಇನ್ನೂ ಸ್ವಲ್ಪ ಬಿಗಿ ಮಾಡಿದರೆ ತುದಿಯು ಮೆಟ್ಟಿಲನ್ನು ಒತ್ತುತ್ತದೆ. ತಿರುಪಿನ ಸುತ್ತುಗಳು ಪರಸ್ಪರ ಒತ್ತಿಕೊಳ್ಳುತ್ತವೆ. ಈ ಒತ್ತಡದಿಂದ ಹುಟ್ಟುವ ಘರ್ಷಣೆಯೇ ಕೊಳವೆಯನ್ನು ಹಿಡಿದಿಡುವ ಏಕೈಕ ಆಧಾರ. ಈಗ ಕೋವಿ ಹಾರಿತೆನ್ನಿ. ಚರೆಯೂ ಅದನ್ನು ಹೊತ್ತ ಪ್ಲಾಸ್ಟಿಕ್ಕಿನ ಬಟ್ಟಲೂ ಸೆಕೆಂಡಿಗೆ ಸುಮಾರು 400 ಮೀಟರಿನ ವೇಗದಲ್ಲಿ ಬಂದು ಕಿರಿದಾದ ಬಾಯಿಗೆ ನುಗ್ಗಿ ಕೊಳವೆಯನ್ನು ಮುಂದಕ್ಕೆ ತಳ್ಳುತ್ತವೆ. ಅದೇ ಕ್ಷಣದಲ್ಲಿ ಕೋವಿಯು ಗುರಿಗಾರನ ಭುಜದ ಕಡೆಗೆ ಹಿಂದಕ್ಕೆ ಜಿಗಿಯುತ್ತದೆ; ಜಡತೆಯಿಂದ ಕೊಳವೆಯು ಇದ್ದಲ್ಲಿಯೇ ಉಳಿಯಲೆಳಸುತ್ತದೆ. ಎರಡರ ಪರಿಣಾಮವೂ ಒಂದೇ: ಕೊಳವೆಯು ತನ್ನ ಮೆಟ್ಟಿಲಿನಿಂದ ಮುಂದಕ್ಕೆ ಸೆಳೆಯಲ್ಪಡುತ್ತದೆ. ಒಳತುದಿಯ ಒತ್ತಡ ಕಣ್ಣುಮಿಟುಕಿಸುವಷ್ಟರಲ್ಲಿ ಸಡಲುತ್ತದೆ, ಮತ್ತೆ ಕೂಡುತ್ತದೆ. ಜೊತೆಗೆ ನಳಿಗೆಯು ಬಾರಿಸಿದ ಗಂಟೆಯಂತೆ ಅಡ್ಡಡ್ಡಲಾಗಿ ಕಂಪಿಸುತ್ತದೆ.

ಈ ಅಡ್ಡ ಕಂಪನವೇ ನಿಜವಾದ ಕಳ್ಳ. ಜರ್ಮನಿಯ ಗೆರ್ಹಾರ್ಡ್ ಯುಂಕರ್ ಎಂಬ ಎಂಜಿನಿಯರು 1969ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನು ಸ್ಪಷ್ಟಪಡಿಸಿದವು. ತಿರುಪುಮೊಳೆಯನ್ನು ಅದರ ಉದ್ದಕ್ಕೆ ಅಲುಗಿಸಿದರೆ ಅದು ಬಹಳ ಕಾಲ ತಡೆದುಕೊಳ್ಳುತ್ತದೆ. ಅಡ್ಡಲಾಗಿ ಅಲುಗಿಸಿದರೆ ಬೇಗನೆ ಬಿಚ್ಚಿಕೊಳ್ಳುತ್ತದೆ. ಕಾರಣವಿಷ್ಟೆ. ಒಂದು ದಿಕ್ಕಿಗೆ ಜಾರುತ್ತಿರುವ ವಸ್ತುವಿಗೆ ಉಳಿದ ದಿಕ್ಕುಗಳಲ್ಲಿ ಘರ್ಷಣೆಯ ಹಿಡಿತ ಇರುವುದಿಲ್ಲ. ತಿರುಪೆಂಬುದು ಸುತ್ತಿಟ್ಟ ಇಳಿಜಾರು ತಾನೆ? ಹಿಡಿತ ತಪ್ಪಿದ ಕ್ಷಣದಲ್ಲಿ ಅದು ಇಳಿಜಾರಿನಲ್ಲಿ ಒಂದು ಕೂದಲೆಳೆಯಷ್ಟು ಕೆಳಗೆ ಜಾರುತ್ತದೆ. ಕುಕ್ಕರಿನ ಹಿಡಿಯ ತಿರುಪು, ಹೊಲಿಗೆ ಯಂತ್ರದ ಸೂಜಿಯ ತಿರುಪು, ಕನ್ನಡಕದ ಕಡ್ಡಿಯ ತಿರುಪು ಎಲ್ಲವೂ ಸಡಿಲಗೊಳ್ಳುವುದು ಈ ನಿಯಮದಂತೆಯೇ. ಯಾರೂ ಬಿಚ್ಚದಿದ್ದರೂ ಬಿಚ್ಚಿಕೊಂಡಿತೆಂದು ಗೃಹಿಣಿಯರು ಅಚ್ಚರಿಪಡುವುದು ಉಚಿತವೇ. ಬಿಚ್ಚಿದ ಕೈ ಕಣ್ಣಿಗೆ ಕಾಣುವುದಲ್ಲ.

ಚೋಕಿನ ಇಳಿಜಾರು ಎಷ್ಟು ಕಡಿದು? ಹಲವು ಕೊಳವೆಗಳಲ್ಲಿ ಇಂಚಿಗೆ 32 ಸುತ್ತುಗಳಿರುತ್ತವೆ. ಎಂದರೆ ಒಂದು ಪೂರ್ಣ ಸುತ್ತಿಗೆ ಕೊಳವೆ ಸಾಗುವುದು ಸುಮಾರು 0.8 ಮಿಲಿಮೀಟರು, ಸುತ್ತಳತೆ ಸುಮಾರು 65 ಮಿಲಿಮೀಟರು. 80 ಅಡಿ ನಡೆದರೆ ಒಂದು ಅಡಿ ಏರುವ ರಸ್ತೆಯಂತೆ ಇದು ಬಹು ನಯವಾದ ಏರು. ಅಲುಗದಿದ್ದರೆ ಇಂತಹ ತಿರುಪು ಎಂದೆಂದಿಗೂ ಜಾರದು. ಅಲುಗಿದಾಗ ಒಮ್ಮೆಗೆ ಜಾರುವುದೂ ಅತ್ಯಲ್ಪವೇ. ಆದರೆ ನೂರು ತೋಟಾ ಎಂದರೆ ನೂರು ಅಲುಗಾಟ. ಅಲ್ಪವು ಕೂಡಿ ಕಾಲು ಸುತ್ತಾಗುತ್ತದೆ, ಅರ್ಧ ಸುತ್ತಾಗುತ್ತದೆ.

ಶಾಖವೂ ಕಂಪನಕ್ಕೆ ಒತ್ತಾಸೆಯಾಗುತ್ತದೆ. ಬಿಸಿ ಅನಿಲವು ಮೊದಲು ತಾಗುವುದು ತೆಳುವಾದ ಕೊಳವೆಗೆ. ಅದು ಬೇಗ ಕಾಯುತ್ತದೆ, ಬೇಗ ಹಿಗ್ಗುತ್ತದೆ. ಹೊರಗಿನ ನಳಿಗೆ ನಿಧಾನವಾಗಿ ಕಾಯುತ್ತದೆ. ಸುತ್ತು ಮುಗಿದು ವಿರಾಮ ಬಂದಾಗ ಎರಡೂ ತಣಿಯುತ್ತವೆ. ಹಿಗ್ಗು ಕುಗ್ಗುಗಳ ಈ ಜಗ್ಗಾಟದಲ್ಲಿ ಬಿಗಿಯು ದಿನದ ಉದ್ದಕ್ಕೂ ಒಂದೇ ಸಮನಾಗಿರುವುದಿಲ್ಲ. ಬೆಳಿಗ್ಗೆ ಬಿಗಿ ಮಾಡಿದ್ದೇನೆಂಬ ನೆಮ್ಮದಿಯು ಮಧ್ಯಾಹ್ನಕ್ಕೆ ಸಲ್ಲದು.

ಇನ್ನು ಸಡಿಲಗೊಂಡರೆ ಆಗುವ ಅಪಾಯವೇನು? ಅಂಕ ಹೋಗುವುದು ಚಿಕ್ಕ ನಷ್ಟ. ಕೊಳವೆಯು ಅರ್ಧ ಸುತ್ತು ಹಿಂಜರಿದರೆ ಒಳತುದಿಗೂ ಮೆಟ್ಟಿಲಿಗೂ ನಡುವೆ 0.4 ಮಿಲಿಮೀಟರಿನ ಬಿರುಕು ಬೀಳುತ್ತದೆ. ಆ ಬಿರುಕಿನೊಳಕ್ಕೆ ಬಿಸಿ ಅನಿಲ ನುಗ್ಗುತ್ತದೆ. ಮಸಿಯೂ ಕರಗಿದ ಪ್ಲಾಸ್ಟಿಕ್ಕೂ ಸೇರಿಕೊಂಡು ಗಟ್ಟಿಯಾಗುತ್ತವೆ. ಮುಂದೆ ಕೊಳವೆಯನ್ನು ಬಿಗಿ ಮಾಡಿದರೂ ಅದು ಮೆಟ್ಟಿಲಿಗೆ ತಾಗದೆ, ನಡುವಣ ಕಸಕ್ಕೆ ತಾಗಿ ನಿಲ್ಲುತ್ತದೆ. ಕೊಳವೆಯ ಒಳತುದಿಯ ಅಂಚು ಬಲು ತೆಳು. ಅನಿಲವು ಅದರ ಬೆನ್ನ ಹಿಂದೆ ಸೇರಿ ಅಂಚನ್ನು ಒಳಕ್ಕೆ ಬಾಗಿಸಿತೆಂದರೆ, ಹಿಂದಿನಿಂದ ಬರುವ ಚರೆಯ ಬಟ್ಟಲು ಆ ಅಂಚಿಗೆ ಬಡಿಯುತ್ತದೆ. ಆಗ ಕೊಳವೆ ಸೀಳಬಹುದು, ನಳಿಗೆಯ ತುದಿ ಉಬ್ಬಬಹುದು ಅಥವಾ ಒಡೆಯಬಹುದು. ತಿರುಪನ್ನು ಕೊರೆಯಲು ಲೋಹವನ್ನು ತೆಗೆದಿರುವುದರಿಂದ ನಳಿಗೆಯ ಗೋಡೆ ಆ ಜಾಗದಲ್ಲಿಯೇ ತೆಳುವಾಗಿರುತ್ತದೆ ಎಂಬುದನ್ನು ಮರೆಯಬಾರದು. ತೀರ ಸಡಿಲಗೊಂಡ ಕೊಳವೆಯು ಬಿಲ್ಲೆಯ ಹಿಂದೆಯೇ ಹಾರಿಹೋಗಿ ಹುಲ್ಲಿನಲ್ಲಿ ಬೀಳುವುದೂ ಉಂಟು. ಅದು ಹೋಗುವಾಗ ನಳಿಗೆಯ ಸುತ್ತುಗಳನ್ನೂ ಕಿತ್ತುಕೊಂಡು ಹೋಗುತ್ತದೆ. ಕೆಲವು ಸಾವಿರ ರೂಪಾಯಿಯ ಕೊಳವೆ ಹೋದರೆ ಹೋಗಲಿ ಎನ್ನಬಹುದು; ಲಕ್ಷಗಟ್ಟಲೆ ಬೆಲೆಯ ನಳಿಗೆ ಹಾಳಾದರೆ ಹಾಗೆನ್ನಲಾಗದು.

ಹೀಗಿರಲಾಗಿ ಬಲ್ಲ ಗುರಿಗಾರರು ಅನುಸರಿಸುವ ಕ್ರಮಗಳನ್ನು ತಿಳಿಯುವುದು ಒಳ್ಳೆಯದು. ಅವುಗಳಲ್ಲಿ ಮೊದಲನೆಯದು ಶುಚಿ. ಕೊಳವೆಯನ್ನು ಪೂರ್ತಿ ಹೊರತೆಗೆದು ಅದರ ಸುತ್ತುಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಬೇಕು. ನಳಿಗೆಯ ಒಳಸುತ್ತುಗಳನ್ನೂ, ಮುಖ್ಯವಾಗಿ ಮೆಟ್ಟಿಲಿನ ಮೂಲೆಯನ್ನೂ ಒರೆಸಿ ತೆಗೆಯಬೇಕು. ಕೊಳವೆ ಸಡಿಲವಾಯಿತೆಂಬ ದೂರುಗಳಲ್ಲಿ ಅನೇಕವು ವಾಸ್ತವವಾಗಿ ಕೊಳವೆ ಎಂದೂ ಸರಿಯಾಗಿ ಕೂಡಲೇ ಇಲ್ಲವೆಂಬ ದೂರುಗಳು. ಒಂದು ಕಣ ಮಸಿ ಸಿಕ್ಕಿಕೊಂಡಿದ್ದರೂ ಕೈಗೆ ಬಿಗಿಯಾದಂತೆ ತೋರುತ್ತದೆ. ಹತ್ತು ತೋಟಾ ಹೋದ ಮೇಲೆ ಕಣ ಪುಡಿಯಾಗುತ್ತದೆ, ಬಿಗಿ ಮಾಯವಾಗುತ್ತದೆ.

ಎರಡನೆಯದು ಹದವಾದ ಜಿಡ್ಡು. ಒಣ ತಿರುಪು ಚೆನ್ನಾಗಿ ಹಿಡಿಯುತ್ತದೆಂದು ಬಗೆದು ಜಿಡ್ಡನ್ನೇ ಹಚ್ಚದವರಿದ್ದಾರೆ. ಅವರ ಕೊಳವೆ ಸಡಿಲಾಗದಿರಬಹುದು. ಆದರೆ ತುಕ್ಕು ಹಿಡಿದು ಮುಂದೆಂದೂ ಹೊರಬಾರದಿರಬಹುದು. ಧಾರಾಳವಾಗಿ ಎಣ್ಣೆ ಸುರಿಯುವವರ ತಪ್ಪು ಇದಕ್ಕೆ ವಿರುದ್ಧವಾದದ್ದು. ತೆಳುವಾದ ಎಣ್ಣೆ ಬಿಸಿಗೆ ಹರಿದುಹೋಗುತ್ತದೆ. ಗ್ರೀಸು ಹೆಚ್ಚಾದರೆ ಅದು ಮೆಟ್ಟಿಲಿನ ಮೂಲೆಯಲ್ಲಿ ಸೇರಿಕೊಂಡು ಕೊಳವೆಯನ್ನು ಪೂರ್ತಿ ಕೂಡಗೊಡುವುದಿಲ್ಲ. ಚೋಕಿಗೆಂದೇ ಮಾರುವ, ಶಾಖ ತಾಳುವ ಮಂದವಾದ ಗ್ರೀಸನ್ನು ಸುತ್ತುಗಳ ಮೇಲೆ ಮಾತ್ರ, ಕಂಡೂ ಕಾಣದಂತೆ ಸವರಿದರೆ ಸಾಕು.

ಮೂರನೆಯದು ಬಿಗಿಯ ಹದ. ಕೊಳವೆಗಳಲ್ಲಿ ಎರಡು ಜಾತಿ. ಒಂದು ನಳಿಗೆಯ ಬಾಯಿಯೊಳಗೆ ಪೂರ್ತಿ ಅಡಗುವಂತಹುದು; ಅದನ್ನು ತಿರುಗಿಸಲು ಪ್ರತ್ಯೇಕ ಕೀಲಿ ಬೇಕು. ಇನ್ನೊಂದು ಬಾಯಿಯಿಂದ ಹೊರಚಾಚಿರುವಂತಹುದು. ಅದರ ತಲೆಗೆ ಗೀರುಗಳಿದ್ದು ಬೆರಳಿನಿಂದಲೇ ತಿರುಗಿಸಬಹುದು. ಸ್ಪರ್ಧಿಗಳು ಎರಡನೆಯದನ್ನು ಮೆಚ್ಚುವುದಕ್ಕೆ ಒಂದು ಕಾರಣ, ಅದರ ಸ್ಥಿತಿ ಕಣ್ಣಿಗೂ ಕೈಗೂ ಸುಲಭವಾಗಿ ಎಟಕುವುದು. ಯಾವುದೇ ಇರಲಿ, ತಿರುಗುತ್ತ ಹೋಗಿ ಒಳತುದಿಯು ಮೆಟ್ಟಿಲಿಗೆ ತಾಗಿದ್ದು ಕೈಗೆ ಸ್ಪಷ್ಟವಾಗಿ ತಿಳಿಯಬೇಕು. ಆ ಮೇಲೆ ಇನ್ನೊಂದಿಷ್ಟು ಬಿಗಿ. ಇಕ್ಕಳ ಹಿಡಿದು ತಿರುಗಿಸುವುದು ಅವಿವೇಕ. ತೆಳುವಾದ ಕೊಳವೆ ಅದರಿಂದ ನಜ್ಜುಗುಜ್ಜಾಗುತ್ತದೆ.

ನಾಲ್ಕನೆಯದು ಗುರುತಿನ ಗೆರೆ. ಕೊಳವೆಯನ್ನು ಸರಿಯಾಗಿ ಬಿಗಿ ಮಾಡಿದ ಮೇಲೆ ಅದರ ತಲೆಯಿಂದ ನಳಿಗೆಯವರೆಗೆ ಬಣ್ಣದ ಲೇಖನಿಯಿಂದ ಒಂದು ಗೆರೆ ಎಳೆದಿಡುವುದು. ಗೆರೆ ತುಂಡಾಗಿ ಕಂಡರೆ ಕೊಳವೆ ತಿರುಗಿದೆಯೆಂದೇ ಅರ್ಥ. ಕಾರ್ಖಾನೆಗಳಲ್ಲಿ ದೊಡ್ಡ ಬೋಲ್ಟುಗಳ ಮೇಲೆ ಇಂತಹ ಗೆರೆಯನ್ನು ಎಳೆಯುವ ವಾಡಿಕೆ ಹಳೆಯದು. ಕಾಸು ಖರ್ಚಿಲ್ಲದ ಈ ಕಾವಲುಗಾರನಿಗಿಂತ ನಂಬಿಗಸ್ತ ಬೇರೊಬ್ಬನಿಲ್ಲ.

ಇಷ್ಟು ಮಾಡಿಯೂ ಮತ್ತೆ ಮತ್ತೆ ಸಡಿಲಗೊಳ್ಳುವ ಹಟಮಾರಿ ಕೊಳವೆಗಳಿಗೆ ಬೇರೆ ಉಪಾಯಗಳಿವೆ. ನಲ್ಲಿ ರಿಪೇರಿಯವರು ಬಳಸುವ ಬಿಳಿಯ ಟೆಫ್ಲಾನ್ ಪಟ್ಟಿಯನ್ನು ಸುತ್ತುಗಳ ಮೇಲೆ ಒಂದೇ ಪದರವಾಗಿ ಸುತ್ತಿ ಕೊಳವೆಯನ್ನು ತಿರುಗಿಸಿದರೆ, ಪಟ್ಟಿಯು ಸುತ್ತುಗಳ ನಡುವಣ ಸಂದುಗಳನ್ನು ತುಂಬಿ ಅಲುಗಾಟವನ್ನು ತಗ್ಗಿಸುತ್ತದೆ. ಹೊರಚಾಚಿದ ಕೊಳವೆಯ ತಲೆಗೂ ನಳಿಗೆಯ ಬಾಯಿಗೂ ನಡುವೆ ರಬ್ಬರಿನ ತೆಳು ಉಂಗುರವನ್ನು ಕೂಡಿಸುವವರೂ ಉಂಟು. ಎರಡರಲ್ಲಿಯೂ ಒಂದು ಎಚ್ಚರ ಅಗತ್ಯ: ಪಟ್ಟಿಯ ಚೂರು ಮೆಟ್ಟಿಲಿನ ಮೂಲೆಗೆ ಹೋಗಬಾರದು, ಉಂಗುರವು ದಪ್ಪವಾಗಿ ಕೊಳವೆಯನ್ನು ಮೆಟ್ಟಿಲಿಗೆ ತಾಗದಂತೆ ತಡೆಯಬಾರದು. ತಾಗದ ಕೊಳವೆ ಎಷ್ಟು ಬಿಗಿಯಾಗಿದ್ದರೂ ಅದು ಅಪಾಯದ ಕೊಳವೆಯೇ. ಹೀಗೆ ಮಾಡಿಯೂ ಫಲವಿಲ್ಲದಿದ್ದರೆ ತಿರುಪು ಸವೆದಿದೆ ಅಥವಾ ಕೊಳವೆ ಆ ನಳಿಗೆಯದಲ್ಲ ಎಂದು ತಿಳಿದು ಕೋವಿ ಕಮ್ಮಾರನ ಬಳಿಗೆ ಒಯ್ಯುವುದೇ ಜಾಣತನ. ನೋಡಲು ಒಂದೇ ತೆರನಾದ ಕೊಳವೆಗಳು ಬೇರೆ ಬೇರೆ ತಯಾರಕರ ಬೇರೆ ಬೇರೆ ಅಳತೆಯ ತಿರುಪುಗಳನ್ನು ಹೊಂದಿರುತ್ತವೆ. ಎರಡು ಸುತ್ತು ಒಳಹೋಯಿತೆಂದು ಹಿಗ್ಗಿ ಬಲವಂತ ಮಾಡಿದವರು ಕೈಸುಟ್ಟುಕೊಂಡಿದ್ದಾರೆ.

ಮಾಡಬಾರದ ಕೆಲಸವೊಂದಿದೆ. ಯಂತ್ರಗಳ ಬೋಲ್ಟುಗಳು ಸಡಿಲಾಗದಂತೆ ಹಾಕುವ ಅಂಟುದ್ರವವನ್ನು ಚೋಕಿನ ತಿರುಪಿಗೆ ಹಾಕುವ ಆಸೆ ಅನೇಕರಿಗೆ ಹುಟ್ಟುತ್ತದೆ. ಬಲವಾದ ಅಂಟು ಒಮ್ಮೆ ಹಿಡಿದರೆ ಬಿಡಿಸಲು ನಳಿಗೆಯನ್ನು ಕಾಯಿಸಬೇಕು. ಕಾಯಿಸಿದರೆ ಜೋಡುನಳಿಗೆಗಳನ್ನೂ ಮೇಲಿನ ಪಟ್ಟಿಯನ್ನೂ ಕೂಡಿಸಿರುವ ಬೆಸುಗೆ ಕರಗುತ್ತದೆ. ಸಡಿಲತೆಯ ರೋಗಕ್ಕೆ ಹಾಕಿದ ಮದ್ದು ರೋಗಿಯನ್ನೇ ಮುಗಿಸಿದಂತಾಗುತ್ತದೆ. ಕೊಳವೆ ಕಳೆದುಹೋಯಿತೆಂದು ಬರಿಯ ನಳಿಗೆಯಿಂದ ಹೊಡೆಯುವುದೂ ಕೂಡದು. ತೆರೆದ ಸುತ್ತುಗಳಿಗೆ ಸೀಸವೂ ಪ್ಲಾಸ್ಟಿಕ್ಕೂ ಮೆತ್ತಿ ಅವು ಕೆಡುತ್ತವೆ.

ಸ್ಪರ್ಧೆಯ ನಡುವೆ ಮಾಡುವ ಪರೀಕ್ಷೆಗೂ ಒಂದು ಶಿಸ್ತುಂಟು. ಕೊಳವೆಯನ್ನು ಮುಟ್ಟುವುದೆಂದರೆ ನಳಿಗೆಯ ಬಾಯಿಯ ಬಳಿಗೆ ಕೈ ಒಯ್ಯುವುದು. ಆದುದರಿಂದ ಮೊದಲು ಕೋವಿಯನ್ನು ಮುರಿದು ತೆರೆದು, ಎರಡು ನಳಿಗೆಗಳಲ್ಲಿಯೂ ತೋಟಾ ಇಲ್ಲವೆಂದು ಕಣ್ಣಿನಿಂದ ನೋಡಿ, ಬಾಯಿಯನ್ನು ಜನರಿಲ್ಲದ ಕಡೆಗೆ ತಿರುಗಿಸಿ, ಆ ಮೇಲೆಯೇ ಬೆರಳು ಅತ್ತ ಹೋಗತಕ್ಕದ್ದು. ಎಷ್ಟೇ ಅವಸರವಿದ್ದರೂ ಈ ಕ್ರಮ ತಪ್ಪುವಂತಿಲ್ಲ. ಒಂದು ಸುತ್ತು ಎಂದರೆ 25 ಬಿಲ್ಲೆ. ಸುತ್ತು ಮುಗಿದು ಸಾಲಿನಿಂದ ಹೊರಬಂದೊಡನೆ ಒಮ್ಮೆ, ಮುಂದಿನ ಸುತ್ತಿಗೆ ಸಾಲಿಗೆ ಹೋಗುವ ಮುನ್ನ ಒಮ್ಮೆ ಕೊಳವೆಯನ್ನು ಮುಟ್ಟಿ ನೋಡುವುದು ಬಲ್ಲವರ ರೂಢಿ. ಅಂತರರಾಷ್ಟ್ರೀಯ ನಿಯಮದಂತೆ, ಕೋವಿ ಕೆಟ್ಟಿದೆಯೆಂದು ರೆಫರಿ ಒಪ್ಪಿದ ಹೊರತು, ಸುತ್ತಿನ ನಡುವೆ ಕೊಳವೆಯನ್ನು ಬದಲಿಸುವಂತಿಲ್ಲ. ಸುತ್ತಿಗೆ ಮುಂಚೆಯೇ ಅರೆನಿಮಿಷ ಖರ್ಚು ಮಾಡದವನು ಸುತ್ತಿನ ನಡುವೆ ಪೇಚಿಗೆ ಸಿಲುಕುತ್ತಾನೆ.

ಜೋಡುನಳಿಗೆಯ ಕೋವಿಯವರು ಇನ್ನೊಂದು ಮಾತನ್ನು ನೆನಪಿಡುವುದು ಲೇಸು. ಟ್ರ್ಯಾಪ್ ಆಟದಲ್ಲಿ ಮೊದಲ ನಳಿಗೆ ಪ್ರತಿ ಬಿಲ್ಲೆಗೂ ಹಾರುತ್ತದೆ. ಎರಡನೆಯದು ಮೊದಲ ಏಟು ತಪ್ಪಿದಾಗ. ಒಳ್ಳೆಯ ಗುರಿಗಾರನ ಮೊದಲ ನಳಿಗೆಯ ಕೊಳವೆಗೆ ಬೀಳುವ ದುಡಿಮೆ ಎರಡನೆಯದರ ಹಲವು ಪಟ್ಟು. ಆದುದರಿಂದ ಒಂದನ್ನು ಮುಟ್ಟಿ ನೋಡಿ ಇನ್ನೊಂದೂ ಹಾಗೆಯೇ ಇದೆಯೆಂದು ಊಹಿಸುವುದು ಸರಿಯಲ್ಲ. ಈ ತಾಪತ್ರಯವೇ ಬೇಡವೆಂದು ಚೋಕನ್ನು ನಳಿಗೆಯಲ್ಲಿಯೇ ಕೊರೆದ ಹಳೆಯ ಮಾದರಿಯ ಕೋವಿಗೆ ಅಂಟಿಕೊಂಡಿರುವ ಟ್ರ್ಯಾಪ್ ಗುರಿಗಾರರೂ ಇದ್ದಾರೆ. ಅವರ ಆಟದಲ್ಲಿ ಬಿಲ್ಲೆಯ ದೂರ ಹೆಚ್ಚು ಬದಲಾಗುವುದಿಲ್ಲ. ಒಂದೇ ಚೋಕು ಜೀವಮಾನಕ್ಕೆ ಸಾಕು. ಕಾಡಿನ ಹಾದಿಯಲ್ಲಿ ನಿಲ್ದಾಣದಿಂದ ನಿಲ್ದಾಣಕ್ಕೆ ನಡೆದು, ಒಮ್ಮೆ ಮೊಲದಂತೆ ನೆಲದಲ್ಲಿ ಉರುಳುವ, ಒಮ್ಮೆ ಬಾತಿನಂತೆ ತಲೆಯ ಮೇಲೆ ಹಾಯುವ ಬಿಲ್ಲೆಗಳನ್ನು ಹೊಡೆಯುವ ‘ಸ್ಪೋರ್ಟಿಂಗ್’ ಆಟದವರಿಗೆ ಮಾತ್ರ ಬದಲಿಸುವ ಕೊಳವೆಯಿಲ್ಲದೆ ನಡೆಯದು. ಹೆಚ್ಚು ಸಲ ಬಿಚ್ಚಿ ಹಾಕುವವರೂ ಅವರೇ. ಅವಸರದಲ್ಲಿ ಅರೆಬಿಗಿ ಮಾಡಿ ಮರೆಯುವವರೂ ಅವರೇ.

ಬಂಡಿಯ ಗಾಲಿಯನ್ನು ಅಚ್ಚಿನಲ್ಲಿ ಹಿಡಿದಿಡುವುದು ಬೆರಳುದ್ದದ ಕಡಾಣಿ. ಹಿಂದಿನ ಕಾಲದ ಗಾಡಿಕಾರರು ಸಂತೆಗೆ ಹೊರಡುವ ಮುನ್ನ ಎತ್ತುಗಳಿಗೆ ನೀರು ತೋರಿಸಿ, ಎರಡು ಗಾಲಿಗಳ ಕಡಾಣಿಯನ್ನೂ ಕೈಯಿಂದ ತಟ್ಟಿ ನೋಡಿಯೇ ನೊಗ ಏರಿಸುತ್ತಿದ್ದರು. ಚೋಕಿನ ಕೊಳವೆಯನ್ನು ಕಾಯುವ ಗುರಿಗಾರನು ಮಾಡುವುದೂ ಇಷ್ಟನ್ನೇ. ಆತನ ಜೇಬಿನಲ್ಲಿ ಒಂದು ಕೀಲಿ, ಒಂದು ಬಟ್ಟೆಯ ತುಂಡು, ಸಣ್ಣ ಡಬ್ಬಿಯಲ್ಲಿ ಗ್ರೀಸು ಇರುತ್ತವೆ. ಇವುಗಳಿಂದ ಬಿಲ್ಲೆ ಒಡೆಯುವುದಿಲ್ಲ ನಿಜ. ಆದರೆ ಬಿಲ್ಲೆ ಒಡೆಯದೆ ಹೋದ ದಿನ, ತಪ್ಪು ಕೋವಿಯದಲ್ಲವೆಂದು ಖಚಿತವಾಗಿ ತಿಳಿದು, ತನ್ನ ಗುರಿಯನ್ನು ತಿದ್ದಿಕೊಳ್ಳಲು ಆತನಿಗೆ ದಾರಿಯಾಗುತ್ತದೆ.